ಪೊಟ್ಟಣದ ನಡುವಿನವು

ನನ್ನ ತಂಗಿಯನ್ನು ಮನೆಯಲ್ಲಿ ಪುಟ್ಟಿ ಅನ್ನುತ್ತಾರೆ. ನನ್ನನ್ನು ದೊಡ್ಡೋಳು ಅನ್ನುತ್ತಾರೆ. ನಾವಿಬ್ಬರೂ ಒಟ್ಟಿಗೆ ಬೀದಿಯಲ್ಲಿ ಹೋದರೆ ಗೊತ್ತಿಲ್ಲದವರು ಅವಳನ್ನೇ ಅಕ್ಕ ಅಂದುಕೊಳ್ಳುತ್ತಾರೆ, ಯಾಕೆಂದರೆ ಪುಟ್ಟಿ ನನಗಿಂತ ಒಂದು ತಲೆ ಎತ್ತರ. ಎತ್ತರವೂ ಅವಳಿಗೆ, ಉದ್ದ ಜಡೆಯೂ ಅವಳಿಗೆ, ನಕ್ಕರೆ ಕೆನ್ನೆಯಲ್ಲಿ ಬೀಳುವ ಗುಳಿಯೂ ಅವಳಿಗೆ. ನನ್ನ ಪಾಲಿಗೆ ಉಳಿದದ್ದು ಅಪ್ಪನ ವರ್ಕ್‌ಶಾಪ್ ಒಂದೇ. ಈಗ ಅದೂ ಅವಳ ಕಡೆಗೆ ಜಾರುತ್ತಿದೆ ಅನ್ನಿಸಿದಾಗ ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು.

ವರ್ಕ್‌ಶಾಪ್ ಅಂದರೆ ಮಹಾ ದೊಡ್ಡದೇನಲ್ಲ. ಮನೆಯ ಕೆಳಗಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ರೇಡಿಯೋ, ಮೈಕು, ಹೊಟ್ಟೆ ಹರಿದ ಸ್ಪೀಕರ್. ಹಿಂದಿನ ಕೋಣೆಯಲ್ಲಿ ಅಪ್ಪ ತಾನೇ ಕಟ್ಟುವ ಆಂಪ್ಲಿಫೈಯರ್. ಶಾಲೆಯವರು, ಸಭಾಂಗಣದವರು, ನಾಟಕದವರು ಎಲ್ಲ ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪನ ಪೆಟ್ಟಿಗೆ ಹಾಡುವಾಗ ಹಾಡುತ್ತದೆ, ಸುಮ್ಮನಿರು ಅಂದರೆ ಸುಮ್ಮನಿರುತ್ತದೆ. ಮನುಷ್ಯರಲ್ಲಿ ಆ ಗುಣ ಇರುವವರು ನನಗೆ ಗೊತ್ತಿದ್ದ ಹಾಗೆ ನಮ್ಮವರು ಒಬ್ಬರೇ, ಅಂದರೆ ನನ್ನ ಗಂಡ. ಆದರೆ ಅವರು ಹಾಡುವುದಿಲ್ಲ, ಬರೀ ಸುಮ್ಮನಿರುತ್ತಾರೆ.

ನನ್ನ ಕೆಲಸ ಜೋಡಿ ಮಾಡುವುದು. ರೆಸಿಸ್ಟರ್ ಅಂದರೆ ಕರೆಂಟನ್ನು ತಡೆದು ಬಿಡುವ ಸಣ್ಣ ತುಂಡು; ಭತ್ತದ ಕಾಳಿಗಿಂತ ತುಸು ದಪ್ಪ, ಎರಡು ಕಡೆ ತಂತಿ, ಮೈಮೇಲೆ ಬಣ್ಣದ ಪಟ್ಟೆ. ಮೊದಲ ಪಟ್ಟೆಗಳು ಅದರ ಅಳತೆ ಹೇಳುತ್ತವೆ. ಕೊನೆಯ ಬಂಗಾರದ ಪಟ್ಟೆ ಮಾತ್ರ ಒಂದು ಥರ ಮುಂಗಡವಾಗಿ ಕೇಳುವ ಕ್ಷಮೆ: ನಾನು ಹೇಳಿದ್ದರಲ್ಲಿ ನೂರಕ್ಕೆ ಐದು ಆಚೀಚೆ ಆದೀತು, ಬೇಜಾರು ಮಾಡಿಕೊಳ್ಳಬೇಡಿ. ಹಾಗಾಗಿ ನೂರು ಓಮ್ ಅಂತ ಮೈಮೇಲೆ ಬರೆದುಕೊಂಡದ್ದು ತೊಂಬತ್ತೈದೂ ಇರಬಹುದು, ನೂರೈದೂ ಇರಬಹುದು. ಇದಕ್ಕೆ ಟಾಲರೆನ್ಸ್ ಅನ್ನುತ್ತಾರೆ. ಗಂಡುಗಳ ಮೈಮೇಲೂ ಇಂಥದೊಂದು ಪಟ್ಟೆ ಇದ್ದಿದ್ದರೆ ಮದುವೆ ಮಾತುಕತೆಯಲ್ಲಿ ಎಷ್ಟೋ ಅನುಕೂಲವಾಗುತ್ತಿತ್ತು.

ಬಹಳ ಕಡೆ ಈ ಐದರ ಆಚೀಚೆಯಿಂದ ಏನೂ ಕೆಡುವುದಿಲ್ಲ. ಆದರೆ ಆಂಪ್ಲಿಫೈಯರಿನ ಬಾಯಿಯಲ್ಲಿ, ಅಂದರೆ ಸದ್ದು ಒಳಗೆ ಹೋಗುವ ಕಡೆ, ಎರಡು ಟ್ರಾನ್ಸಿಸ್ಟರ್ ಎದುರುಬದುರು ಕೂತಿರುತ್ತವೆ. ಎರಡಕ್ಕೂ ಸೇರಿ ಬರುವುದು ಒಂದೇ ಕರೆಂಟು, ಅದನ್ನು ಅವು ಸಮಸಮವಾಗಿ ಹಂಚಿಕೊಳ್ಳಬೇಕು. ಒಂದೊಂದರ ಕಾಲಿಗೂ ಒಂದೊಂದು ರೆಸಿಸ್ಟರ್. ಯಾವುದರ ಕಾಲಿನದು ಸ್ವಲ್ಪ ಕಡಿಮೆ ಇದೆಯೋ ಅದು ಹೆಚ್ಚು ಎಳೆದುಕೊಳ್ಳುತ್ತದೆ, ಇನ್ನೊಂದಕ್ಕೆ ಆ ಮಟ್ಟಿಗೆ ಕಡಿಮೆ ಬೀಳುತ್ತದೆ. ಬಾಯಿಯಲ್ಲಿ ಕೂದಲೆಳೆಯಷ್ಟಿದ್ದ ಈ ವ್ಯತ್ಯಾಸ ದೊಡ್ಡದಾಗುತ್ತಾ ಹೋಗಿ, ಹಾಡಿಲ್ಲ ಮಾತಿಲ್ಲ ಅನ್ನುವಾಗಲೂ ಸ್ಪೀಕರಿಗೆ ಬೇಡದ ಕರೆಂಟು ನುಗ್ಗುತ್ತಿರುತ್ತದೆ.

ಅಪ್ಪ ನನಗೆ ಲಂಗ ತೊಡುವ ವಯಸ್ಸಿನಲ್ಲೇ ಹೇಳಿಕೊಟ್ಟದ್ದು ಇದು: ಸರಿಯಾಗಿರಬೇಕು ಅಂತೇನಿಲ್ಲ, ಎರಡೂ ಒಂದೇ ಥರ ಇರಬೇಕು. ಎರಡೂ ನೂರಾ ನಾಲ್ಕಾಗಿದ್ದರೆ ತೊಂದರೆಯಿಲ್ಲ. ಒಂದು ತೊಂಬತ್ತೊಂಬತ್ತು, ಇನ್ನೊಂದು ನೂರಾ ಒಂದು ಆದರೆ ಕೆಟ್ಟಿತು. ನಾನು ಪೊಟ್ಟಣದ ರೆಸಿಸ್ಟರುಗಳನ್ನೆಲ್ಲ ಮೀಟರಿನಲ್ಲಿ ಅಳೆದು, ಒಂದೇ ಅಳತೆಯ ಎರಡೆರಡನ್ನು ದಾರದಲ್ಲಿ ಕಟ್ಟಿ ಕೊಡುತ್ತಿದ್ದೆ. ಪ್ರಿಸೆಟ್ ಅಂತ ಒಂದು ಸಣ್ಣ ತಿರುಪು ಬರುತ್ತದೆ, ಅದನ್ನು ಹಾಕಿ ತಿರುಗಿಸಿದರೆ ಸೊಟ್ಟಗಿದ್ದದ್ದೂ ನೆಟ್ಟಗಾಗುತ್ತದೆ. ಅಪ್ಪ ಅದನ್ನು ಊರುಗೋಲು ಅಂತ ಕರೆಯುತ್ತಿದ್ದ, ವರ್ಕ್‌ಶಾಪಿನೊಳಗೆ ಸೇರಿಸುತ್ತಿರಲಿಲ್ಲ.

ಅಪ್ಪನದು ಇನ್ನೊಂದು ಪದ್ಧತಿ. ಯಾರೇ ಕಟ್ಟಿರಲಿ, ಪೆಟ್ಟಿಗೆಗೆ ಮೊದಲ ಕರೆಂಟು ಅಪ್ಪನ ಕೈಯಿಂದಲೇ ಆಗಬೇಕು. ಅದಕ್ಕೆ ಮೊದಲು ಯಾರೂ ಸ್ವಿಚ್ ಮುಟ್ಟುವ ಹಾಗಿಲ್ಲ. ಗೋಡೆಯ ಮೇಲೆ ತಟ್ಟೆಯಗಲದ ಒಂದು ಮೀಟರ್, ಅದರಲ್ಲಿ ಸೊನ್ನೆ ಇರುವುದು ನಟ್ಟನಡುವೆ. ಪೆಟ್ಟಿಗೆಯ ಬಾಯಿ ಮುಚ್ಚಿ, ಸ್ಪೀಕರಿನ ಜಾಗದಲ್ಲಿ ಆ ಮೀಟರ್ ಕೊಟ್ಟು, ಅಪ್ಪ ಸ್ವಿಚ್ ಒತ್ತುತ್ತಾನೆ. ಮುಳ್ಳು ಸೊನ್ನೆಯ ಮೇಲೇ ನಿಂತರೆ ಪಾಸು. ವಾಲಿದರೆ ಬೆಸುಗೆ ಬಿಚ್ಚಬೇಕು.

ಅಂಥ ಅಪ್ಪನ ಕಣ್ಣು ಮಂಜಾಗುತ್ತಾ ಬಂತು. ಬಣ್ಣದ ಪಟ್ಟೆಗಳಲ್ಲಿ ಕೆಂಪು ಯಾವುದು, ಕಂದು ಯಾವುದು ಅಂತ ತಿಳಿಯದಾಯಿತು. ಬಾಗಿಲು ಸರಿ ಮಾಡಲು ಬಡಗಿ ಬಂದು ಹೋದ ದಿನ ತನ್ನ ಮೇಜಿಗೂ ಕುರ್ಚಿಗೂ ಸೇರಿಸಿ ಹಳೆಯ ಹೊದಿಕೆಯೊಂದನ್ನು ಮುಚ್ಚಿದ. ಬಾಗಿಲ ಹತ್ತಿರದ ಬೆತ್ತದ ಕುರ್ಚಿಗೆ ಬಂದು ಕೂತ. ಆ ಹೊದಿಕೆಯನ್ನು ಯಾರೂ ಎತ್ತಿ ನೋಡಲಿಲ್ಲ. ಆದರೆ ಅದರ ಕೆಳಗಿನ ಕುರ್ಚಿ ಇನ್ನು ಯಾರದು ಅನ್ನುವುದು ಎಲ್ಲರ ತಲೆಯಲ್ಲೂ ಇತ್ತು. ಅಪ್ಪನಿಗೆ ಗಂಡುಮಕ್ಕಳಿಲ್ಲ. ಇರುವವರು ಇಬ್ಬರು ಅಳಿಯಂದಿರು.

ದೊಡ್ಡ ಅಳಿಯ ನಮ್ಮವರು. ಮದುವೆಗೆ ಮೊದಲಿನಿಂದಲೂ ಇಲ್ಲೇ ಬೆಸುಗೆ ಹಾಕಿಕೊಂಡಿದ್ದವರು. ಮಾತಾಡಿದರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಅನ್ನುವ ಮನುಷ್ಯ. ಅವರು ಹಾಕಿದ ಬೆಸುಗೆ ಹೊಳೆಯುತ್ತದೆ, ಆದರೆ ಹೊಳೆಯುತ್ತಿದೆ ನೋಡಿ ಅಂತ ಹೇಳಿಕೊಳ್ಳಲು ಬಾಯಿಯಿಲ್ಲ. ಚಿಕ್ಕ ಅಳಿಯ ಪುಟ್ಟಿಯ ಗಂಡ. ಡಿಪ್ಲೊಮಾ ಓದಿದವನು. ನಾನು ಮನಸ್ಸಿನಲ್ಲಿ ಅವನಿಗೆ ಡಿಪ್ಲೊಮಾ ಅಂತಲೇ ಹೆಸರಿಟ್ಟಿದ್ದೆ. ಅವನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿತು. ನಾಲ್ಕು ದಿನ ಕೈ ಆಡಿಸಿಕೊಂಡು ಇರುತ್ತೇನೆ ಅಂತ ವರ್ಕ್‌ಶಾಪಿಗೆ ಬಂದವನು ಅಲ್ಲೇ ಬೇರು ಬಿಟ್ಟ. ಬಂದ ವಾರದಲ್ಲೇ ಉಪಕರಣಗಳಿಗೆಲ್ಲ ಗೋಡೆಯ ಮೇಲೆ ಮೊಳೆ ಹೊಡೆದು ಜಾಗ ಮಾಡಿದ. ಅಪ್ಪ ಇಷ್ಟು ವರ್ಷ ಕಟ್ಟಿಂಗ್ ಪ್ಲೇಯರ್ ಹುಡುಕಿಕೊಂಡೇ ಬದುಕಿದವನು, ಈಗ ಕೈ ಚಾಚಿದಲ್ಲಿ ಸಿಕ್ಕಿತು ಅಂತ ಮಗುವಿನ ಹಾಗೆ ಹಿಗ್ಗಿದ. ನಮ್ಮವರ ಬೆಸುಗೆ ನೋಡಿ ಯಾವತ್ತಾದರೂ ಹಾಗೆ ಹಿಗ್ಗಿದ್ದನೇ?

ಸಂಜೆಯಾದರೆ ಪುಟ್ಟಿ. ಅವಳು ಚಪ್ಪಲಿ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ. ಅಂಗಡಿ ಬಿಟ್ಟವಳೇ ಗಂಡನನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಬಂದು, ಅಪ್ಪನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದಳು. ಬಂದ ಗಿರಾಕಿಗಳ ಕಥೆ, ಒಂದು ಕಾಲಿಗೆ ಸರಿಯಾಗಿ ಇನ್ನೊಂದಕ್ಕೆ ಆಗದ ಬೂಟಿನ ಕಥೆ. ಅಪ್ಪ ಬಿದ್ದು ಬಿದ್ದು ನಗುತ್ತಿದ್ದ. ನಾನು ಪಕ್ಕದ ಬೆಂಚಿನಲ್ಲಿ ರೆಸಿಸ್ಟರ್ ಅಳೆಯುತ್ತಾ ತೊಂಬತ್ತೆಂಟನ್ನು ಎಂಬತ್ತೊಂಬತ್ತು ಅಂತ ಓದುತ್ತಿದ್ದೆ.

ಅವಳು ಬರುವುದು ಸ್ವಲ್ಪ ತಡವಾದರೆ ಅಪ್ಪ ಬಾಗಿಲ ಕಡೆ ಮುಖ ಮಾಡಿ ಕೇಳುತ್ತಿದ್ದ, "ಪುಟ್ಟಿ ಬಂದ್ಲಾ?"

"ಇಲ್ಲ" ಅನ್ನುತ್ತಿದ್ದೆ.

ಮತ್ತೆ ಸ್ವಲ್ಪ ಹೊತ್ತಿಗೆ, "ಪುಟ್ಟಿ ಬಂದ್ಲಾ?"

ದೊಡ್ಡೋಳು ಬಂದಳಾ ಅಂತ ಅಪ್ಪ ಯಾರನ್ನೂ ಕೇಳಿದ್ದನ್ನು ನಾನು ಕೇಳಿಲ್ಲ. ನಾನು ಎಲ್ಲಿಗಾದರೂ ಹೋದರೆ ತಾನೇ ಬರುವುದು! ಮೇಲೆ ಅಡುಗೆ, ಕೆಳಗೆ ಬೆಂಚು, ನಡುವೆ ಮೆಟ್ಟಿಲು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನೇ.

ಹೀಗಿರುವಾಗ ಒಂದು ನಾಟಕಶಾಲೆಯಿಂದ ಎರಡು ಚಾನೆಲ್ಲಿನ ಆಂಪ್ಲಿಫೈಯರ್ ಬೇಕು ಅಂತ ಬಂತು. ಎಡಗಡೆ ಸ್ಪೀಕರಿಗೊಂದು, ಬಲಗಡೆಗೊಂದು, ಒಂದೇ ಪೆಟ್ಟಿಗೆಯಲ್ಲಿ. ಅಪ್ಪ ನಮ್ಮನ್ನೆಲ್ಲ ಕರೆದು ಕೂರಿಸಿದ. ಪುಟ್ಟಿಯೂ ಇದ್ದಳು, ಅವಳಿಲ್ಲದೆ ಮಾತೇ ಶುರುವಾಗಲಿಲ್ಲ ಅನ್ನಿ.

"ಎಡ ಚಾನೆಲ್ ದೊಡ್ಡ ಅಳಿಯಂದಿರು ಕಟ್ಲಿ, ಬಲ ಚಾನೆಲ್ ಚಿಕ್ಕೋರು ಕಟ್ಲಿ" ಅಂದ. "ಟ್ರಾನ್ಸಿಸ್ಟರ್ ಜೋಡಿ ನನ್ನ ಡಬ್ಬೀಲಿದೆ, ಇಬ್ರಿಗೂ ಒಂದೊಂದು ಕೊಡ್ತೀನಿ. ರೆಸಿಸ್ಟರ್ ಹೊಸ ಪೊಟ್ಟಣ ಬಂದಿದೆ. ದೊಡ್ಡೋಳೇ, ಇಬ್ರಿಗೂ ನೀನೇ ಆರಿಸಿ ಕೊಡು. ಈ ಪೆಟ್ಟಿಗೆ ಒಂದು ಮುಗೀಲಿ. ಆ ಕುರ್ಚೀಲಿ ಯಾರು ಕೂರ್ಬೇಕು ಅನ್ನೋದನ್ನ ಅವತ್ತು ಹೇಳ್ತೀನಿ."

ಡಿಪ್ಲೊಮಾ ನಕ್ಕ. ನಮ್ಮವರು ತಲೆಯಾಡಿಸಿದರು. ನಾನು ಪುಟ್ಟಿಯ ಮುಖ ನೋಡಿದೆ. ಅವಳು ಅಪ್ಪನ ಅಂಗಿಯ ಗುಂಡಿ ಸರಿ ಮಾಡುತ್ತಿದ್ದಳು.

ಮೇಲೆ ಹೋದ ಮೇಲೆ ನಾನು ನಮ್ಮವರನ್ನು ಹಿಡಿದುಕೊಂಡೆ.

"ಇಷ್ಟು ವರ್ಷ ದುಡಿದೋರು ನೀವು. ನಿನ್ನೆ ಮೊನ್ನೆ ಬಂದೋನ ಜೊತೆ ಪರೀಕ್ಷೆ ಬರೀಬೇಕಾ?"

"ಅವನೂ ಒಳ್ಳೇ ಕೆಲಸಗಾರನೇ ಕಣೇ."

"ನೀವು ಹೀಗಂತಾನೇ ಇರಿ. ಅವನು ಕುರ್ಚೀಲಿ ಕೂತು ನಿಮ್ಗೆ ಟೀ ತಾ ಅನ್ಲಿ."

"ಟೀ ತರೋದ್ರಲ್ಲಿ ಏನಿದೆ?"

ಈ ಮನುಷ್ಯನ ಜೊತೆ ಜಗಳ ಆಡುವುದು ಗೋಡೆಗೆ ಗುದ್ದಿದ ಹಾಗೆ, ನೋವು ನಮ್ಮ ಕೈಗೇ. ಕುರ್ಚಿ ಅವರಿಗೆ ಬೇಕೋ ಬೇಡವೋ ನಾನು ಕೇಳಲಿಲ್ಲ. ನನಗೆ ಬೇಕಿತ್ತು. ಪುಟ್ಟಿಯ ಗಂಡ ಆ ಕುರ್ಚಿಯಲ್ಲಿ ಕೂತರೆ ಪುಟ್ಟಿ ಕೂತ ಹಾಗೆಯೇ, ನಾನು ಅವಳ ಗಂಡನಿಗೆ ರೆಸಿಸ್ಟರ್ ಅಳೆದು ಕೊಡುತ್ತಾ ಸಾಯಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬೇರೆ ಯಾರೂ ಇಳಿದು ಬರುವ ಮೊದಲೇ ನಾನು ಕೆಳಗೆ ಹೋದೆ. ಕಿಟಕಿ ತೆರೆದು, ಪೊಟ್ಟಣ ಒಡೆದು, ಮೀಟರ್ ಹಚ್ಚಿದೆ. ಹೊಸ ಪೊಟ್ಟಣದಲ್ಲಿ ರೆಸಿಸ್ಟರುಗಳು ಸಾಮಾನ್ಯವಾಗಿ ಹೇಗಿರುತ್ತವೆ ಅಂದರೆ, ಬಹಳಷ್ಟು ನೂರರ ಅಕ್ಕಪಕ್ಕದಲ್ಲೇ, ದೂರ ಹೋದ ಹಾಗೆ ಕಡಿಮೆ. ತೊಂಬತ್ತಾರರವು ಕೆಲವು, ನೂರಾ ನಾಲ್ಕರವು ಕೆಲವು. ನಾನು ನೂರಕ್ಕೆ ಹತ್ತಿರದವನ್ನೆಲ್ಲ ಒಂದು ಬೆಂಕಿಪೊಟ್ಟಣಕ್ಕೆ ಹಾಕುತ್ತಾ ಹೋದೆ. ಒಂದು ಪರ್ಸೆಂಟ್ ಆಚೆ ಹೋದದ್ದನ್ನು ಇನ್ನೊಂದು ಡಬ್ಬಿಗೆ ಎಸೆದೆ.

ನಮ್ಮವರಿಗೆ ಬೇಕಾದದ್ದು ಬೆರಳೆಣಿಕೆಯಷ್ಟು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯದೊಂದು ಉಳಿದರೂ ಅದು ಡಿಪ್ಲೊಮಾನ ಕೈಗೆ ಹೋಗುತ್ತದೆ ಅನ್ನಿಸಿ, ನಡುವಿನ ಒಂದನ್ನೂ ಬಿಡದೆ ಬಾಚಿದೆ. ಬೆಂಕಿಪೊಟ್ಟಣ ಸಾಲದೆ ಇನ್ನೊಂದು ತಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂತು ಇಡೀ ಪೊಟ್ಟಣ ಮುಗಿಸಿದೆ. ಆಮೇಲೆ ಡಿಪ್ಲೊಮಾನ ಡಬ್ಬಿಯನ್ನು ಮುಂದೆ ಇಟ್ಟುಕೊಂಡು, ಅದರಲ್ಲಿ ಎಷ್ಟು ಕೆಟ್ಟವು ಉಳಿದಿವೆ ಅಂತ ಒಂದೊಂದಾಗಿ ಮತ್ತೆ ಅಳೆದು ನೋಡಿದೆ. ತೊಂಬತ್ತೈದೂವರೆ, ನೂರಾ ನಾಲ್ಕೂವರೆ, ತೊಂಬತ್ತಾರು. ಅಷ್ಟು ತಣ್ಣಗಿನ ಸಮಾಧಾನ ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ. ಅದನ್ನು ಸವಿಯುವುದರಲ್ಲೇ ಹೊತ್ತು ಹೋಯಿತು, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ದಾರ ಬೆಂಚಿನ ಮೇಲೆ ಹಾಗೇ ಇತ್ತು.

ನಮ್ಮವರು ಬೆಂಕಿಪೊಟ್ಟಣ ತೆರೆದು ನೋಡಿದರು.

"ದಾರ ಕಟ್ಟಿಲ್ವಾ?"

"ಎಲ್ಲಾ ಒಂದು ಪರ್ಸೆಂಟ್ ಒಳಗೇ ಇವೆ ರೀ. ಬಂಗಾರದ ಪಟ್ಟೆ ಅಂತ ಯಾರೂ ನಂಬಲ್ಲ, ಅಂಥಾವು. ಕಣ್ಮುಚ್ಕೊಂಡು ಹಾಕಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಕೊಟ್ಟದ್ದನ್ನು ಅವರು ಯಾವತ್ತೂ ಮತ್ತೆ ಅಳೆದವರಲ್ಲ. ಬೆಸುಗೆಯ ಕಡ್ಡಿ ಕಾಯಲು ಇಟ್ಟು ಕೆಲಸಕ್ಕೆ ಕೂತರು.

ಡಿಪ್ಲೊಮಾ ತನ್ನ ಡಬ್ಬಿ ಅಲ್ಲಾಡಿಸಿ ಕೇಳಿದ, "ಅತ್ತಿಗೆ, ಜೋಡಿ ಮಾಡಿಲ್ವಾ?"

"ಟೈಮ್ ಆಗ್ಲಿಲ್ಲ. ಎಲ್ಲಾ ಒಂದೇ ಪೊಟ್ಟಣದ್ದೇ."

ಅದು ಸುಳ್ಳಲ್ಲ. ಒಂದೇ ಪೊಟ್ಟಣದ್ದೇ.

ಅವತ್ತು ಸಂಜೆ ಪುಟ್ಟಿ ಬಂದಾಗ ಗಂಡ ಹೆಂಡತಿ ಮೂಲೆಯಲ್ಲಿ ಗುಸುಗುಸು ಮಾತಾಡಿದರು. ಆಮೇಲೆ ಪುಟ್ಟಿ ನನ್ನ ಹತ್ತಿರ ಬಂದಳು.

"ಅಕ್ಕಾ, ಹಳೇ ಮೀಟರ್ ಒಂದಿತ್ತಲ್ಲ, ಎರಡು ದಿನ ಮನೆಗೆ ಒಯ್ಲಾ?"

"ನಿಂಗ್ಯಾಕೆ ಅದು?"

"ಇವರಿಗೆ ಸ್ವಲ್ಪ ಕೈಜೋಡಿಸೋಣ ಅಂತ. ನೀನು ಪಾಪ ಒಬ್ಳೇ ಎಷ್ಟು ಅಂತ ಮಾಡ್ತೀಯ."

ಪಾಪ ಅಂತೆ! ಚಪ್ಪಲಿ ಅಂಗಡಿಯವಳು ಮೀಟರ್ ಹಿಡಿಯುತ್ತಾಳಂತೆ ಅಂತ ನನಗೆ ಒಳಗೊಳಗೇ ನಗು ಬಂತು. ಅಳೆದುಕೊಳ್ಳಲಿ. ಇಡೀ ಡಬ್ಬಿ ತಡಕಿದರೂ ನೂರು ಅನ್ನುವ ಅಂಕಿ ಅವಳಿಗೆ ಕಾಣಿಸುವುದಿಲ್ಲ. ಮೀಟರ್ ತಂದು ಕೈಗಿಟ್ಟೆ. ವಯರ್ ಸುತ್ತಿ ಕೊಟ್ಟೆ ಕೂಡ.

ಮೊದಲ ಕರೆಂಟಿನ ದಿನ ಬಂತು. ಅಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಪುಟ್ಟಿ ಅಂಗಡಿಗೆ ರಜೆ ಹಾಕಿದ್ದಳು. ಗೋಡೆಯ ಮೀಟರಿನ ಕೆಳಗಿನ ಹಲಗೆಯ ಮೇಲೆ ಪೆಟ್ಟಿಗೆ ಇಟ್ಟು, ಅಪ್ಪ ಕೈಯಾಡಿಸಿ ಎರಡೂ ಚಾನೆಲ್ ಮುಟ್ಟಿ ನೋಡಿದ. ಎಡಗಡೆ ಬೆರಳಾಡಿಸಿದಾಗ "ಬೆಸುಗೆ ಚೆನ್ನಾಗಿದೆ" ಅಂದ. ನಾನು ಪುಟ್ಟಿಯ ಕಡೆ ನೋಡಿದೆ.

ಮೊದಲು ಎಡ ಚಾನೆಲ್. ಅಪ್ಪ ಸ್ವಿಚ್ ಒತ್ತಿದ.

ಮುಳ್ಳು ಎದ್ದು ಬಲಕ್ಕೆ ವಾಲಿತು. ಮರಳಿ ಬರುತ್ತದೆ ಅಂತ ನಾನು ಕಾದೆ. ಬರಲಿಲ್ಲ. ಸೊನ್ನೆಗೂ ಕೊನೆಗೂ ನಡುವೆ, ಅರ್ಧಕ್ಕಿಂತ ಆಚೆ ಹೋಗಿ ನಿಂತಿತು. ಅಪ್ಪ ಎದ್ದು ಹೋಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ನಮ್ಮವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು, ತಪ್ಪು ಬೆರಳುಗಳಲ್ಲಿದೆಯೋ ಅನ್ನುವ ಹಾಗೆ.

ಇರಲಿ, ಅವನದು ಇನ್ನೂ ಕೆಟ್ಟದಾಗಿ ವಾಲುತ್ತದೆ ಅಂದುಕೊಂಡೆ. ಬೇರೆ ದಾರಿಯೇ ಇರಲಿಲ್ಲ.

ಅಪ್ಪ ವಯರ್ ಬದಲಿಸಿ ಬಲ ಚಾನೆಲ್ಲಿನ ಸ್ವಿಚ್ ಒತ್ತಿದ. ಮುಳ್ಳು ಮಿಸುಕಲಿಲ್ಲ.

"ಕರೆಂಟ್ ಬಂದಿಲ್ಲ ಅನ್ಸುತ್ತೆ. ವಯರ್ ನೋಡಿ" ಅಂದ ಅಪ್ಪ.

"ಬಂದಿದೆ ಮಾವ. ದೀಪ ಹತ್ತಿದೆ" ಅಂದ ಡಿಪ್ಲೊಮಾ.

ಅಪ್ಪ ಮತ್ತೆ ಗಾಜಿಗೆ ಮುಖ ಹಚ್ಚಿದ. ಸ್ವಿಚ್ ತೆಗೆದು ಹಾಕಿದ, ತೆಗೆದು ಹಾಕಿದ. ಮುಳ್ಳು ಸೊನ್ನೆಯ ಮೇಲೆ ಮಲಗಿದ ಹಾಗಿತ್ತು. ಅಪ್ಪನ ಮುಖ ಅರಳಿತು.

"ಜೋಡಿ ಯಾರು ಮಾಡಿದ್ದು?"

"ಪುಟ್ಟಿ ಮಾವ. ನಂಗೆ ಅಷ್ಟು ತಾಳ್ಮೆ ಎಲ್ಲಿದೆ?"

"ಅಯ್ಯೋ, ಅದೇನು ದೊಡ್ಡ ವಿದ್ಯೆನಾ" ಅಂದಳು ಪುಟ್ಟಿ. "ಅಂಗಡೀಲಿ ನಾನು ದಿನಾ ಮಾಡೋದೇ ಅದು. ಚಪ್ಪಲಿ ಮೇಲೆ ಏಳು ಅಂತ ಬರೆದಿರುತ್ತೆ. ಒಂದೊಂದು ಲಾಟಲ್ಲಿ ಏಳು ಅಂದ್ರೆ ಏಳೂವರೆ ಇದ್ದ ಹಾಗೆ ಇರುತ್ತೆ. ನಂಬರ್ ಯಾರಿಗೆ ಬೇಕು? ಎಡ ಬಲ ಒಂದೇ ಥರ ಇದ್ರೆ ಗಿರಾಕಿ ಸುಮ್ನೆ ಹಾಕ್ಕೊಂಡು ನಡೀತಾನೆ. ಇದನ್ನೂ ಹಾಗೇ ಮಾಡ್ದೆ. ನೂರಾ ನಾಲ್ಕೂ ಚಿಲ್ಲರೆಗೆ ನೂರಾ ನಾಲ್ಕೂ ಚಿಲ್ಲರೇನೇ ಹುಡುಕಿ ಹಾಕ್ದೆ. ಆದ್ರೆ ಅಪ್ಪಾ, ಒಂದು ವಿಚಿತ್ರ ನೋಡು. ಆ ಡಬ್ಬೀಲಿ ನಡುವಿನದು ಅಂತ ಒಂದೂ ಇರ್ಲಿಲ್ಲ. ಎಲ್ಲಾ ಒಂದೋ ಈ ಕಡೆ, ಇಲ್ಲಾ ಆ ಕಡೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಬೆಂಚಿನ ಮೇಲಿನ ಬೆಂಕಿಪೊಟ್ಟಣದ ಕಡೆ ಹೋಯಿತು. ಅಪ್ಪನ ಕಣ್ಣು ಮಂಜಾಗಿತ್ತು ನಿಜ, ಆದರೆ ಪೊಟ್ಟಣದ ನಡುಭಾಗ ಯಾವಾಗ ಖಾಲಿಯಾಗುತ್ತದೆ ಅನ್ನುವುದು ತಿಳಿಯಲು ಕಣ್ಣು ಬೇಕಿರಲಿಲ್ಲ. ಅವನ ಮುಖದ ಹಿಗ್ಗು ನಿಧಾನವಾಗಿ ಇಳಿಯಿತು.

"ದೊಡ್ಡೋಳೇ, ನಡುವಿನವು ಎಲ್ಲಿ?"

"ಇವರಿಗೆ ಕೊಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ನಮ್ಮವರು ಎದ್ದು ಎರಡೂ ಬೆಂಕಿಪೊಟ್ಟಣಗಳನ್ನು ತಂದು ಅಪ್ಪನ ಮುಂದೆ ಇಟ್ಟರು. ಉಳಿದವು ಇನ್ನೂ ತುಂಬಿ ತುಳುಕುತ್ತಿದ್ದವು. ಆಮೇಲೆ ತಮ್ಮ ಎಡ ಚಾನೆಲ್ಲಿನ ಬಾಯಿಯ ಎರಡು ರೆಸಿಸ್ಟರ್ ಬಿಚ್ಚಿ, ತಾವೇ ಅಳೆದು ಹೇಳಿದರು. ಒಂದು ತೊಂಬತ್ತೊಂಬತ್ತರ ಹತ್ತಿರ, ಇನ್ನೊಂದು ಹತ್ತಿರ ಹತ್ತಿರ ನೂರಾ ಒಂದು. ಎರಡೂ ಒಳ್ಳೆಯವೇ. ಒಟ್ಟಿಗೆ ಕೂರಬಾರದವು.

"ಆರಿಸಿಕೊಂಡಿದ್ದಕ್ಕೆ ನಾನು ಏನೂ ಅನ್ನಲ್ಲ" ಅಂದ ಅಪ್ಪ. "ಜೋಡಿ ಯಾಕೆ ಮಾಡ್ಲಿಲ್ಲ? ನಿನ್ನ ಕೈ ತಪ್ಪಿದ್ದನ್ನ ನಾನು ಇವತ್ತಿನವರೆಗೂ ನೋಡಿಲ್ಲ."

ನನಗೆ ತಡೆಯಲಾಗಲಿಲ್ಲ. "ಅವರ ಡಬ್ಬೀಲಿ ಏನು ಉಳೀತು ಅಂತ ನೋಡ್ತಾ ಕೂತಿದ್ದೆ! ಇವಳಿಗೆ ಒಂದೂ ಒಳ್ಳೇದು ಸಿಗಬಾರ್ದು ಅಂತಿತ್ತು, ಆಯ್ತಾ? ದಿನಾ ಪುಟ್ಟಿ ಬಂದ್ಲಾ, ಪುಟ್ಟಿ ಬಂದ್ಲಾ. ಒಂದಿನ ಆದ್ರೂ ದೊಡ್ಡೋಳೇ ಇದೀಯಾ ಅಂತ ಕೇಳಿದೀಯಾ ನೀನು?"

"ಇಲ್ಲೇ ಇರೋರನ್ನ ಇದೀಯಾ ಅಂತ ಯಾರಮ್ಮ ಕೇಳ್ತಾರೆ?" ಅಂದ ಅಪ್ಪ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಪುಟ್ಟಿ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದಳು. ಅವಳ ಕಣ್ಣು ತುಂಬಿತು. ಅಳುವುದರಲ್ಲೂ ಅವಳೇ ಮುಂದು, ನನ್ನದು ಬರಲೇ ಇಲ್ಲ.

"ಕುರ್ಚಿ ಯಾರಿಗೆ ಬೇಕಾದ್ರೂ ಕೊಡು" ಅಂದೆ. "ನಮ್ಮವರದು ತಪ್ಪಿಲ್ಲ. ಅವರು ನಾನು ಕೊಟ್ಟಿದ್ದು ಹಾಕಿದ್ರು, ಅಷ್ಟೇ."

"ಅಳಿಯಂದಿರಿಗೆ ಕೊಡ್ತೀನಿ ಅಂತ ನಾನ್ಯಾವಾಗ ಅಂದೆ?" ಅಪ್ಪ ಕೇಳಿದ. "ಬೆಸುಗೆ ಇಬ್ರೂ ಹಾಕ್ತಾರೆ, ಇಬ್ರೂ ಚೆನ್ನಾಗೇ ಹಾಕ್ತಾರೆ. ಅದಕ್ಕೆ ಕುರ್ಚಿ ಯಾಕೆ ಬೇಕು? ಅಲ್ಲಿ ಕೂತೋರು ಇಬ್ರಿಗೂ ಆರಿಸಿ ಕೊಡ್ಬೇಕು. ಎಡಕ್ಕೂ ಬಲಕ್ಕೂ. ಅದೇ ಅಲ್ಲಿ ಕೂತೋರ ಕೆಲಸ." ಪುಟ್ಟಿಯ ಕಡೆ ತಿರುಗಿ, "ಪುಟ್ಟಿ, ನೀನು ಕೂತ್ಕೋ" ಅಂದ.

"ನಾನಾ? ನಂಗೆ ಅಂಗಡಿ ಇದೆಯಲ್ಲಪ್ಪ..."

"ಬಿಡು ಅಂಗಡಿ. ಕೂತ್ಕೋ."

ಡಿಪ್ಲೊಮಾ ಹೋಗಿ ಹೊದಿಕೆ ಎಳೆದ. ಧೂಳು ಎದ್ದಿತು. ಪುಟ್ಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತು ಮುಂದಕ್ಕೆ ಎಳೆದುಕೊಂಡಳು. ಢಬ್ ಅಂತ ಸದ್ದಾಯಿತು. ಅವಳ ಮಂಡಿ ಮೇಜಿನ ತಳಕ್ಕೆ ಬಡಿದಿತ್ತು. ಕಾಲು ಓರೆ ಮಾಡಿ ಕೂರಲು ನೋಡಿದಳು, ಆಗಲೂ ತಾಗಿತು. ಇಷ್ಟುದ್ದದ ಹೆಂಗಸು ಮಕ್ಕಳ ಶಾಲೆಯ ಬೆಂಚಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಕಂಡಳು.

"ಇದು ಯಾಕೆ ಇಷ್ಟು ಗಿಡ್ಡ ಆಗಿದೆ?" ಅಂದಳು. "ಮೊದಲು ಎತ್ತರ ಇತ್ತಲ್ಲ?"

ಅಪ್ಪ ಬೆತ್ತದ ಕುರ್ಚಿಗೆ ವಾಪಸ್ ಹೋಗಿ ಕೂರುತ್ತಿದ್ದ. "ಬಾಗಿಲು ಸರಿ ಮಾಡೋಕೆ ಬಡಗಿ ಬಂದಿದ್ನಲ್ಲ, ಆವಾಗಲೇ ಎರಡರ ಕಾಲೂ ನಾಲ್ಕು ಬೆರಳು ಕತ್ತರಿಸಿಬಿಟ್ಟೆ" ಅಂದ. "ಈ ನಾಟಕದೋರ ಪೆಟ್ಟಿಗೆ ಬರೋಕೆ ಮುಂಚೇನೇ. ನಾಳೆ ಅವನನ್ನ ಕರೆಸ್ತೀನಿ. ಕತ್ತರಿಸಿದ್ದನ್ನ ಮತ್ತೆ ಉದ್ದ ಮಾಡೋಕೆ ಬರುತ್ತೋ ಇಲ್ವೋ."

ಆ ಕೋಣೆಯಲ್ಲಿ ಅಷ್ಟು ಗಿಡ್ಡ ಇರುವವಳು ನಾನೊಬ್ಬಳೇ. ನಮ್ಮವರು ಅವತ್ತು ಮೊದಲ ಸಲ ತಲೆಯೆತ್ತಿ ನೇರವಾಗಿ ನನ್ನ ಮುಖ ನೋಡಿದರು.

ಪುಟ್ಟಿ ಎದ್ದು ನಿಂತಳು. ಮಂಡಿ ಉಜ್ಜಿಕೊಂಡು ಬಂದು ನನ್ನ ಕೈ ಹಿಡಿದಳು. "ಅಕ್ಕಾ, ನೀನೊಂದು ಸಲ ಕೂತು ನೋಡು ಬಾ."

ನಾನು ಬೇಡ ಅಂದೆ. ಅವಳು ಬಿಡಲಿಲ್ಲ, ಎಳೆದುಕೊಂಡು ಹೋಗಿ ಕೂರಿಸಿದಳು. ಇಷ್ಟು ವರ್ಷ ಪಕ್ಕದ ಬೆಂಚಿನಲ್ಲಿ ಕಾಲು ಜೋಲು ಬಿಟ್ಟುಕೊಂಡೇ ಕೆಲಸ ಮಾಡಿದವಳು ನಾನು. ಸಂಜೆಯಾದರೆ ತೊಡೆ ಜೋಮು ಹಿಡಿಯುತ್ತಿತ್ತು, ಅದನ್ನು ಯಾರಿಗೂ ಹೇಳಿದ್ದಿಲ್ಲ. ಈ ಕುರ್ಚಿಯಲ್ಲಿ ನನ್ನ ಎರಡು ಪಾದವೂ ಪೂರ್ತಿಯಾಗಿ ನೆಲಕ್ಕೆ ಊರಿದವು. ಕೈ ಚಾಚಿದೆ, ಮೊಣಕೈ ಮೇಜಿನ ಸಮಕ್ಕೆ ಬಂತು, ಕೂದಲೆಳೆಯ ವ್ಯತ್ಯಾಸವಿಲ್ಲ. ಕಿಟಕಿಯ ಬೆಳಕು ಬೇಕಾದಲ್ಲೇ ಬೀಳುತ್ತಿತ್ತು.

"ಹೇಗಿದೆ?" ಅಂತ ಕೇಳಿದಳು ಪುಟ್ಟಿ. ಅವಳ ದನಿಯಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಾನು ಎದ್ದು ಸೆರಗು ಸರಿ ಮಾಡಿಕೊಂಡೆ.

"ನಂಗೂ ಸರಿಹೋಗಲ್ಲ" ಅಂದೆ. "ಬಡಗಿಗೆ ಹೇಳಿ ಕಳಿಸಿ."